ಕಂದಿಯ ಮಂಡಿಗೆ ಅಗುಳಿ ಬಿದ್ದ ದಿನ

ಲೋಕದ ಗೋಡೆ ಇನ್ನೂ ಒಣಗದಿದ್ದ ಕಾಲ ಅದು. ಬೆಟ್ಟದ ಮೇಲೆ ಕೈಯಿಟ್ಟರೆ ಐದು ಬೆರಳೂ ಮೂಡುತ್ತಿದ್ದವು. ಹೊಳೆಗೆ ಯಾವ ಕಡೆ ಹರಿಯಬೇಕೆಂದು ಸರಿಯಾಗಿ ಗೊತ್ತಿರಲಿಲ್ಲ. ಬೆಳಿಗ್ಗೆ ಹೀಗೆ ಹೋಗಿ ಮಧ್ಯಾಹ್ನ ವಾಪಸು ಬರುತ್ತಿತ್ತು. ಪ್ರಾಣಿಗಳು ಮಾತಾಡುತ್ತಿದ್ದವು, ಗಾಳಿ ಮಾತಾಡುತ್ತಿತ್ತು, ಕೇಳುವವರಿಗೆ ಪುರುಸೊತ್ತೂ ಇತ್ತು.

ಆಗ ಕುದುರೆಗಳು ಎಮ್ಮೆಗಳ ಹಾಗೆ ಮಲಗಿಯೇ ನಿದ್ದೆ ಮಾಡುತ್ತಿದ್ದವು. ನಾಲ್ಕು ಕಾಲೂ ಚಾಚಿ, ಕುತ್ತಿಗೆ ಚೆಲ್ಲಿ, ಬಿಸಿಲೇರುವ ತನಕ ಗೊರಕೆ. ಭೂಮಿತಾಯಿಗೆ ಅದು ಬಹಳ ಇಷ್ಟ. "ಬನ್ನಿ, ನನ್ನ ಮಡಿಲಿಗೆ ಬನ್ನಿ" ಎಂದು ಕರೆಯುತ್ತಲೇ ಇರುತ್ತಿದ್ದಳು. ದಣಿದವರು ಹೋಗುತ್ತಿದ್ದರು. ನೋವಿದ್ದವರೂ ಹೋಗುತ್ತಿದ್ದರು. ನೋವಿಟ್ಟುಕೊಂಡು ಹೋದವರಲ್ಲಿ ಕೆಲವರು ಮತ್ತೆ ಏಳುತ್ತಿರಲಿಲ್ಲ.

ಹುಲ್ಲುಗಾವಲಿನ ಅಂಚಿನಲ್ಲಿ ಚಿತ್ತಯ್ಯನೂ ಅವನ ಅಕ್ಕ ಮಾಳವ್ವನೂ ಇದ್ದರು. ಅವರಿಗೊಂದು ಹೆಣ್ಣು ಕುದುರೆ. ಮೈ ಕಂದು ಬಣ್ಣ, ಅದಕ್ಕೇ ಕಂದಿ ಎಂದು ಹೆಸರು. ಕಂದಿಗೆ ಹದಿನೈದು ದಿನದ ಮರಿ. ಮರಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಹಲ್ಲೂ ಸರಿಯಾಗಿ ಬಂದಿರಲಿಲ್ಲ. ತಾಯ ಹಾಲೊಂದೇ ಅದರ ಊಟ.

ಬೆಳಗಾದರೆ ಚಿತ್ತಯ್ಯ ಮೊದಲು ಲಾಯಕ್ಕೆ ಹೋಗುತ್ತಿದ್ದ. ಗೊರಸು ಎತ್ತಿ ಸಂದಿಯ ಕಲ್ಲು ತೆಗೆಯುತ್ತಿದ್ದ. ಒಣಹುಲ್ಲು ಸುತ್ತಿ ಮೈ ಉಜ್ಜುತ್ತಿದ್ದ. ಕೊನೆಗೆ ಕಂದಿಯ ಪಕ್ಕೆಗೆ ಕಿವಿಯಿಟ್ಟು ನಿಲ್ಲುತ್ತಿದ್ದ. ಒಳಗೆ ಗುಡುಗುಡು, ಗುಡುಗುಡು. ದೂರದ ಬೆಟ್ಟದಾಚೆ ಗುಡುಗಿದ ಹಾಗೆ. ಆ ಸದ್ದು ಕೇಳಿದ ಮೇಲೆಯೇ ಅವನಿಗೆ ಹಸಿವಾಗುತ್ತಿತ್ತು.

ಅವನಿಗೆ ಇಷ್ಟವಾದ ಸದ್ದು ಇನ್ನೊಂದಿತ್ತು. ಅದರಿಂದಲೇ ಎಲ್ಲ ಆದದ್ದು.

ಒಂದು ದಿನ ಆಚೆ ದಿಬ್ಬದಲ್ಲಿ ಯಾರಿಗೋ ಹೆರಿಗೆ ನೋವು ಬಂದು, ಮಾಳವ್ವ ಬೆಳಿಗ್ಗೆಯೇ ಹೊರಟಳು.

"ಲೋ ಚಿತ್ತ, ಹುರಳಿ ನೆನೆಸಿ ಬೇಯಿಸಿಟ್ಟಿದೀನಿ. ಮಡಕೇಲಿದೆ. ಎರಡು ಬೊಗಸೆ ಹಾಕು. ಮೂರಲ್ಲ. ಒಣ ಹುರಳಿ ಚೀಲಕ್ಕೆ ಮಾತ್ರ ಕೈ ಹಾಕಬೇಡ."

"ನಾನೇನು ಮಗುವಾ, ಅಕ್ಕಯ್ಯ?"

"ಮಗುವಾಗಿದ್ರೆ ಹೇಳಿದ್ದು ಕೇಳ್ತಿತ್ತು" ಎಂದು ಅವಳು ನಡೆದಳು.

ಚಿತ್ತಯ್ಯ ಮಡಕೆ ತಂದಿಟ್ಟ. ಕಂದಿ ಮೂಸಿ ಮುಖ ತಿರುಗಿಸಿದಳು.

"ಇದು ಬಾಯಿಗಿಟ್ಟರೆ ಕರಗಿಹೋಗತ್ತೆ, ಅಪ್ಪಾ. ಅಗಿದ ಹಾಗೇ ಆಗಲ್ಲ. ಅವತ್ತೊಂದಿನ ಕೊಟ್ಟಿದ್ದೆಯಲ್ಲ, ಚೀಲದ್ದು. ಒಂದೇ ಒಂದು ಹಿಡಿ ಕೊಡು."

ಚಿತ್ತಯ್ಯನಿಗೂ ಅದೇ ಬೇಕಿತ್ತು. ಒಣ ಹುರಳಿ ಅಗಿಯುವಾಗ ಕಂದಿಯ ಬಾಯಲ್ಲಿ ಕಟಕಟ, ಕಟಕಟ ಎಂದು ಸದ್ದಾಗುತ್ತದೆ. ಅದನ್ನು ಕೇಳುತ್ತಾ ಕೂತರೆ ಅವನಿಗೆ ಬೇರೇನೂ ಬೇಡ. ಒಂದು ಬೊಗಸೆ ಕೊಟ್ಟ. ಕಟಕಟ. ಇನ್ನೊಂದು ಕೊಟ್ಟ. ಮರಿಗೆ ಹಾಲು ಕೊಡುವವಳಲ್ಲವೇ ಎಂದು ಮತ್ತೊಂದು. ಮೂರಾಯಿತಲ್ಲ, ನಾಲ್ಕಕ್ಕೇನು ಎಂದು ನಾಲ್ಕನೆಯದು.

ಆಮೇಲೆ ಹೊಳೆಗೆ ಕರೆದುಕೊಂಡು ಹೋದ. ಕಂದಿ ಹೊಟ್ಟೆ ತುಂಬ ನೀರು ಕುಡಿದಳು.

"ಕುಡಿ, ಕುಡಿ" ಎಂದಿತು ಹೊಳೆ. "ಒಣಗಿದ್ದನ್ನ ಊದಿಸೋದೇ ನನ್ನ ಕೆಲಸ. ಚೀಲದಲ್ಲಿದ್ದರೇನು, ಹೊಟ್ಟೇಲಿದ್ದರೇನು?"

ಚಿತ್ತಯ್ಯ ನಕ್ಕ. ಹೊಳೆಗೆ ಯಾವಾಗಲೂ ಮಾತು ಜಾಸ್ತಿ ಅಂದುಕೊಂಡ.

ಲಾಯ ಸೇರುವಷ್ಟರಲ್ಲಿ ಕಂದಿ ನಡಿಗೆ ನಿಲ್ಲಿಸಿದಳು. ಕುತ್ತಿಗೆ ತಿರುಗಿಸಿ ತನ್ನ ಹೊಟ್ಟೆಯನ್ನು ನೋಡಿಕೊಂಡಳು, ಅಲ್ಲಿ ಯಾರೋ ಕರೆದ ಹಾಗೆ. ಮುಂಗಾಲಿನಿಂದ ನೆಲ ಕೆರೆದಳು. ಮೇಲ್ದುಟಿ ಎತ್ತಿ ಹಲ್ಲು ತೋರಿಸಿದಳು. ಕಿವಿಯ ಹಿಂದೆ ಬೆವರು ಒಡೆದಿತ್ತು.

ಚಿತ್ತಯ್ಯ ಹತ್ತಿರ ಸರಿದು ಪಕ್ಕೆಗೆ ಕಿವಿಯಿಟ್ಟ.

ಏನೂ ಇಲ್ಲ. ಗುಡುಗುಡು ಇಲ್ಲ. ಆ ಪಕ್ಕೆಗೆ ಹೋಗಿ ಇಟ್ಟ. ಅಲ್ಲೂ ಇಲ್ಲ. ಖಾಲಿ ಗುಡಾಣದ ಹಾಗೆ ಸುಮ್ಮನಿತ್ತು.

"ಅಪ್ಪಾ, ಹೊಟ್ಟೆ" ಎಂದಳು ಕಂದಿ. "ಮಲಗ್ತೀನಿ."

"ಬಾ ಮಗಳೇ" ಎಂದಳು ಭೂಮಿತಾಯಿ. "ನನ್ನ ಮಡಿಲಲ್ಲಿ ಒಂದು ಸಲ ಹೊರಳಿಬಿಡು. ಹಗುರಾಗತ್ತೆ."

ಕಂದಿ ಮುಂಗಾಲು ಮಡಿಸಿದಳು. ಮಲಗಿದರೆ ಸುಧಾರಿಸಬಹುದೆಂದು ಚಿತ್ತಯ್ಯನೂ ಹಗ್ಗ ಸಡಿಲ ಬಿಟ್ಟ.

"ಏಯ್! ಬಿಡಬೇಡವೋ!"

ಕೂಗಿದ್ದು ಗಾಳಿ. ಧ್ವನಿ ಕಂದಿಯ ಮೂಗಿನ ಹೊಳ್ಳೆಯಿಂದ ಬರುತ್ತಿತ್ತು. "ಉಸಿರಿನ ಜೊತೆ ಒಳಗೆ ಹೋಗಿ ನೋಡಿ ಬಂದೆ. ಹುರಳಿ ಊದಿಕೊಂಡು ದಾರಿ ಮುಚ್ಚಿದೆ. ನಮ್ಮವನೊಬ್ಬ, ನನ್ನ ತಮ್ಮ, ಒಳಗೇ ಸಿಕ್ಕಿಹಾಕಿಕೊಂಡಿದಾನೆ. ಕರುಳು ಸುತ್ತಿಟ್ಟ ಹಗ್ಗದ ಹಾಗಿದೆ. ಇವಳು ಈಗ ನೆಲಕ್ಕೆ ಬಿದ್ದು ಹೊರಳಿದಳೋ, ಗಂಟು ಬೀಳತ್ತೆ. ಆ ಗಂಟು ಬಿಚ್ಚೋರು ಯಾರೂ ಇಲ್ಲ."

"ಹೊರಳದೇ ಇದ್ದರೆ?"

"ನಡೆಸು. ನಿಲ್ಲಿಸು. ಏನಾದರೂ ಮಾಡು. ಮಲಗೋಕೆ ಬಿಡಬೇಡ. ತಮ್ಮ ಹೊರಗೆ ಬರೋಕೆ ದಾರಿ ಹುಡುಕ್ತೀನಿ."

"ಎಷ್ಟು ಹೊತ್ತು?"

"ಹೊಟ್ಟೆ ನನ್ನದಲ್ಲವಪ್ಪ" ಎಂದು ಗಾಳಿ ಮತ್ತೆ ಒಳಗೆ ಹೋಯಿತು.

ಚಿತ್ತಯ್ಯ ಹಗ್ಗ ಎಳೆದ. ಕಂದಿ ಏಳಲಿಲ್ಲ. ಕಿರುಚಿದ, ಬೈದ, ಬೇಡಿದ. ಕೊನೆಗೆ ಅವಳ ಎದೆಯ ಕೆಳಗೆ ಹೆಗಲು ಕೊಟ್ಟು ಎತ್ತಿದ. ಅವಳು ಎದ್ದಳು. ಇಬ್ಬರೂ ನಡೆದರು.

ಲಾಯದ ಸುತ್ತ ಒಂದು ಸುತ್ತು. ಎರಡು ಸುತ್ತು. ಮರಿ ಹಾಲಿಗೆಂದು ಹಿಂದೆ ಹಿಂದೆ ಬಂತು. ಮೂತಿ ಹಾಕಿತು, ಸಿಗಲಿಲ್ಲ, ಮತ್ತೆ ಓಡಿಬಂತು. ಹತ್ತು ಸುತ್ತಾದ ಮೇಲೆ ಚಿತ್ತಯ್ಯ ಎಣಿಸುವುದನ್ನು ಬಿಟ್ಟ.

"ಒಂದೇ ಒಂದು ಗಳಿಗೆ, ಅಪ್ಪಾ" ಎಂದಳು ಕಂದಿ.

"ಆಗಲ್ಲ ಕಣೇ."

"ಹೊರಳಲ್ಲ. ಸುಮ್ಮನೆ ಮಲಗ್ತೀನಿ."

"ಆಗಲ್ಲ."

ಇಷ್ಟು ದಿನ ಅವಳು ಕೇಳಿದ್ದನ್ನು ಅವನು ಇಲ್ಲವೆಂದದ್ದೇ ಇಲ್ಲ. ಇಲ್ಲವೆನ್ನುವುದು ಇಷ್ಟು ಕಷ್ಟವೆಂದು ಅವನಿಗೆ ತಿಳಿದಿರಲಿಲ್ಲ.

ಹೊತ್ತು ನೆತ್ತಿಗೆ ಬಂದಾಗ ಮಾಳವ್ವ ಬಂದಳು. ದೂರದಿಂದಲೇ ಕಂದಿಯ ನಡಿಗೆ ನೋಡಿ ಓಡಿದಳು.

"ಏನು ಹಾಕಿದೆ?"

"ನೀನು ಹೇಳಿದ್ದೇ" ಎಂದ ಚಿತ್ತಯ್ಯ. ಕಣ್ಣು ನೆಲದ ಮೇಲಿತ್ತು.

ಮಾಳವ್ವ ಲಾಯದ ಒಳಗೆ ಹೋದಳು. ಮಡಕೆ ತುಂಬಿತ್ತು. ಚೀಲದ ಬಾಯಿ ತೆರೆದಿತ್ತು. ಹೊರಗೆ ಬಂದು ತಮ್ಮನ ಮುಂದೆ ನಿಂತಳು.

"ನಾನೇ ಕೇಳಿದ್ದು, ಅವ್ವಾ" ಎಂದಳು ಕಂದಿ, ಏದುಸಿರಿನಲ್ಲಿ. "ಅಪ್ಪನ್ನ ಬಯ್ಯಬೇಡ."

ಚಿತ್ತಯ್ಯನಿಗೆ ಅದು ತಡೆಯಲಾಗಲಿಲ್ಲ. "ನಾಲ್ಕು ಬೊಗಸೆ ಅಕ್ಕಯ್ಯ. ಒಣದ್ದು. ಮೇಲೆ ನೀರೂ ಕುಡಿಸಿದೆ."

"ಕಟಕಟ ಕೇಳಬೇಕಿತ್ತು, ಅಲ್ಲವಾ?" ಎಂದಳು ಮಾಳವ್ವ. ಅಷ್ಟೇ. ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡಳು. ಅವಳು ಬಯ್ದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ.

ಇನ್ನೂ ಕೆಲವು ಸುತ್ತು ನಡೆದಿರಬಹುದು. ಆಗ ಕಂದಿಯ ಕಾಲುಗಳು ಜಗಳ ತೆಗೆದವು.

"ಇನ್ನು ನನ್ನ ಕೈಲಾಗಲ್ಲ" ಎಂದಿತು ಎಡ ಹಿಂಗಾಲು.

"ನಿನಗೊಬ್ಬನಿಗೇ ದಣಿವಾ? ಎದೆಯ ಭಾರ ಹೊರೋರು ನಾವು" ಎಂದವು ಮುಂಗಾಲುಗಳು.

"ಹೊಟ್ಟೆ ಇರೋದು ನಮ್ಮ ಕಡೆ" ಎಂದಿತು ಬಲ ಹಿಂಗಾಲು. "ತಿಂದಿದ್ದು ಬಾಯಿ, ನಡೆಯೋದು ನಾವು. ಮಡಿಸಿಬಿಡೋಣ."

ನಾಲ್ಕೂ ಕಾಲು ನಡುಗಿದವು. ಕಂದಿಯ ಮೈ ವಾಲಿತು.

"ನಿಲ್ಲಿ!" ಎಂದಳು ಮಾಳವ್ವ. "ನಡೀಬೇಡಿ ಹಾಗಾದರೆ. ಬರೀ ನಿಂತಿರಿ. ನಾಲ್ವರೂ ದುಡೀಬೇಕು ಅಂತ ಯಾರು ಹೇಳಿದ್ದು? ಒಂದು ಹಿಂಗಾಲು ಸುಧಾರಿಸ್ಕೊಳ್ಳಲಿ, ಮಿಕ್ಕ ಮೂರು ಹೊತ್ತುಕೊಳ್ಳಿ. ಆಮೇಲೆ ಇನ್ನೊಂದರ ಸರದಿ."

"ನಮಗೆ?" ಎಂದವು ಮುಂಗಾಲುಗಳು.

"ನೀವು ದೊಡ್ಡೋರು. ಕೇಳಬಾರದು."

ಹೊಗಳಿಕೆಗೆ ಮುಂಗಾಲುಗಳು ಸುಮ್ಮನಾದವು. ಆದರೆ ಹಿಂಗಾಲಿನ ಮಂಡಿ ಮೆಲ್ಲಗೆ ಹೇಳಿತು: "ಅವ್ವಾ, ಮಡಿಸೋದೇ ನನ್ನ ಕೆಲಸ. ನಿದ್ದೆ ಬಂದರೆ ತಾನಾಗಿ ಮಡಿಸಿಬಿಡ್ತೀನಿ. ನನ್ನ ನಂಬಬೇಡಿ."

ಮಾಳವ್ವ ಸುತ್ತ ನೋಡಿದಳು. ಲಾಯದ ಬಾಗಿಲಿಗೆ ಹೋಗಿ ಮರದ ಅಗುಳಿಯನ್ನು ಹಿರಿದಳು. ಕಲ್ಲಿನ ಮೇಲಿಟ್ಟು ಎರಡು ತುಂಡು ಮಾಡಿದಳು. ಲೋಕವೇ ಹಸಿಯಾಗಿದ್ದ ಕಾಲ, ಮೂಳೆಯೂ ಹಸಿ. ಎಡ ಮಂಡಿಗೊಂದು ತುಂಡು, ಬಲ ಮಂಡಿಗೊಂದು ತುಂಡು ಒತ್ತಿದಳು. ಕಟ್ ಎಂದು ಕೂತವು.

ಕಂದಿ ನಿಂತಳು. ಎಡಗಾಲು ಗೊರಸಿನ ತುದಿಯೂರಿ ಸುಧಾರಿಸಿಕೊಂಡಿತು, ಆಮೇಲೆ ಬಲಗಾಲು.

"ಮೂಳೆ ಗಟ್ಟಿಯಾಗೋ ತನಕ ಜೋರಾಗಿ ವಾಲಿದರೆ ಅಗುಳಿ ಕಿತ್ತುಬರತ್ತೆ" ಎಂದಳು ಮಾಳವ್ವ. "ನೀನು ಪಕ್ಕದಲ್ಲಿ ನಿಂತು ಹಿಡ್ಕೋ. ನಾನು ಹೊಟ್ಟೆ ನೀವ್ತೀನಿ."

ಚಿತ್ತಯ್ಯ ಕಂದಿಯ ಪಕ್ಕೆಗೆ ಹೆಗಲು ಕೊಟ್ಟು ನಿಂತ. ಬಿಸಿಲು ಜಾರಿತು. ಅವನ ಕಾಲು ಮೊದಲು ನೋಯುತ್ತಿತ್ತು, ಆಮೇಲೆ ನೋವೂ ತಿಳಿಯದಾಯಿತು. ಹಸಿದ ಮರಿ ಅವನ ಕಾಲಬುಡದಲ್ಲೇ ಬಿದ್ದು ನಿದ್ದೆಹೋಯಿತು.

"ನೋಡು ಕಂದಿ, ನಿನ್ನ ಮಗು ನನ್ನ ಮಡಿಲಲ್ಲಿದೆ" ಎಂದಳು ಭೂಮಿತಾಯಿ. ಅವಳ ಮಾತಿನಲ್ಲಿ ಮೋಸವಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಅದೊಂದೇ ಉಪಚಾರ. "ನೀನೂ ಬಾ."

ಕಂದಿ ವಾಲಿದಳು. ಅಷ್ಟೂ ಭಾರ ಚಿತ್ತಯ್ಯನ ಹೆಗಲ ಮೇಲೆ ಬಂತು. ಮಂಡಿಯ ಅಗುಳಿ ಕಿರ್ ಎಂದಿತು.

"ನೀನಾದರೂ ಬಾ ಮಗಾ" ಎಂದಳು ಭೂಮಿತಾಯಿ. "ಬೆಳಗಿಂದ ನಿಂತಿದೀಯ."

"ನಾನು ಮಲಗಿದರೆ ಇವಳೂ ಮಲಗ್ತಾಳೆ, ತಾಯಿ" ಎಂದ ಚಿತ್ತಯ್ಯ. ಹಲ್ಲು ಕಚ್ಚಿ ಹೆಗಲು ಒತ್ತಿದ. ಮಾಳವ್ವ ಹೊಟ್ಟೆ ನೀವುವುದನ್ನು ಬಿಟ್ಟು ಎರಡೂ ಕೈಯಲ್ಲಿ ಮಂಡಿಗಳನ್ನು ಅಮುಕಿ ಹಿಡಿದಳು. ಹಾಗೆ ಎಷ್ಟು ಹೊತ್ತು ಹೋಯಿತೋ.

ಹೊತ್ತು ಬೆಟ್ಟಕ್ಕೆ ತಾಗಿದಾಗ ಅವನ ಕಿವಿಗೆ ಏನೋ ಕೇಳಿಸಿತು. ಬಹಳ ದೂರದಲ್ಲಿ, ಒಂದೇ ಒಂದು ಸಲ.

ಗುಡ್.

"ಅಕ್ಕಯ್ಯ."

"ಸುಮ್ಮನಿರು."

ಗುಡ್. ಗುಡುಗುಡು. ಸದ್ದು ಹೊಟ್ಟೆಯ ಒಂದು ಮೂಲೆಯಿಂದ ಹೊರಟಿತು, ತಿರುಗಿತು, ತಡಕಾಡಿತು, ಇನ್ನೊಂದು ಮೂಲೆಗೆ ಬಂತು. ಕಂದಿ ಬಾಲ ಎತ್ತಿದಳು. ಗಾಳಿಯ ತಮ್ಮ ಹೊರಗೆ ಬಂದ. ಹೇಗೆ ಬಂದನೆಂದರೆ, ಮಲಗಿದ್ದ ಮರಿ ಬೆದರಿ ಎದ್ದು ನಾಲ್ಕು ಮಾರು ದೂರ ಓಡಿತು. ಹೊಳೆ ಹರಿಯುವುದನ್ನು ನಿಲ್ಲಿಸಿ, ಏನಾಯಿತೆಂದು ಕೇಳಿತು.

ಹಿಂದೆಯೇ ಲದ್ದಿ ಬಿತ್ತು. ಮೊದಲು ಗಟ್ಟಿಯಾಗಿ ನಾಲ್ಕು ಉಂಡೆ, ಆಮೇಲೆ ರಾಶಿ.

ಚಿತ್ತಯ್ಯ ಬಗ್ಗಿ ಒಂದು ಉಂಡೆ ಕೈಗೆತ್ತಿಕೊಂಡ. ಬಿಸಿಯಾಗಿತ್ತು. ಅದನ್ನು ಹಿಡಿದುಕೊಂಡೇ ಅತ್ತ.

"ಇವನ ಮುಖ ನೋಡು, ಹಬ್ಬದ ಉಂಡೆ ಸಿಕ್ಕಿದ ಹಾಗೆ" ಎಂದಳು ಮಾಳವ್ವ. ಸೆರಗಿನಿಂದ ತನ್ನ ಕಣ್ಣೂ ಒರೆಸಿಕೊಂಡಳು. "ತಿನ್ನಬೇಡ ಮತ್ತೆ."

ಮರಿ ಓಡಿಬಂದು ಕೆಚ್ಚಲಿಗೆ ಬಾಯಿ ಹಾಕಿತು. ಈ ಸಲ ಹಾಲು ಸಿಕ್ಕಿತು.

ಅಗುಳಿ ತೆಗೆಯಲು ಮಾಳವ್ವ ಕೈ ಹಾಕಿದಳು. ಬರಲಿಲ್ಲ. ಇಡೀ ದಿನದ ಬಿಸಿಲಿಗೆ ಮೂಳೆ ಒಣಗಿ ಅಗುಳಿ ಒಳಗೇ ಕೂತುಬಿಟ್ಟಿತ್ತು.

"ಇರಲಿ ಬಿಡು" ಎಂದಳು. "ಅಗುಳಿ ಅಂದಮೇಲೆ ಹಾಕೋದೂ ಇದೆ, ತೆಗೆಯೋದೂ ಇದೆ. ಓಡುವಾಗ ತೆಗೀತಾಳೆ, ನಿದ್ದೆ ಬಂದಾಗ ಹಾಕ್ಕೋತಾಳೆ."

ಅವಳು ಹೇಳಿ ಮುಗಿಸುವ ಮೊದಲೇ ಕಂದಿಗೆ ನಿಂತಲ್ಲೇ ನಿದ್ದೆ ಬಂದಿತ್ತು. ಕೆಳದುಟಿ ಜೋತುಬಿದ್ದಿತ್ತು. ಒಂದು ಹಿಂಗಾಲು ಗೊರಸಿನ ತುದಿಯ ಮೇಲಿತ್ತು.

ಲೋಕ ಹಸಿಯಿದ್ದಾಗ ಒಂದಕ್ಕೆ ಮೂಡಿದ್ದು ಕುಲಕ್ಕೆಲ್ಲ ಮೂಡುತ್ತಿತ್ತು. ಭೂಮಿತಾಯಿ ನಿಟ್ಟುಸಿರಿಟ್ಟಳು. "ಇನ್ನು ಇವರು ಯಾರೂ ನನ್ನ ಮಡಿಲಿಗೆ ಬರಲ್ಲವಾ?"

ಚಿತ್ತಯ್ಯ ಯೋಚಿಸಿದ. ಅವಳ ಮೇಲೂ ಅವನಿಗೆ ಮರುಕವಿತ್ತು. "ಬರ್ತಾರೆ ತಾಯಿ. ಸ್ವಲ್ಪ ಹೊತ್ತು ಬಂದು ಹೋಗ್ತಾರೆ. ಆದರೆ ಒಬ್ಬರು ಮಲಗಿದಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತಿರಬೇಕು. ಹೊರಳಿದರೆ ಎಬ್ಬಿಸೋಕೆ."

"ಯಾರು ನಿಲ್ಲೋದು?"

"ಸದ್ಯಕ್ಕೆ ನಾನು."

ಭೂಮಿತಾಯಿ ಒಪ್ಪಿದಳು. ಚಿತ್ತಯ್ಯ ಬದುಕಿರುವ ತನಕ ಹಾಗೆಯೇ ನಿಂತ. ಲಾಯದ ಬಾಗಿಲಿಗೆ ಹೊಸ ಅಗುಳಿ ಮಾಡಲೇ ಇಲ್ಲ, ಹಗ್ಗ ಕಟ್ಟಿಕೊಂಡರು. ಒಣ ಹುರಳಿಯ ಚೀಲವನ್ನು ಮಾಳವ್ವ ಅಟ್ಟಕ್ಕೇರಿಸಿ ಏಣಿಯನ್ನು ತನ್ನ ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡಳು. ಚಿತ್ತಯ್ಯ ಹೋದ ಮೇಲೆ, ಅವನು ನಿಲ್ಲುತ್ತಿದ್ದ ಜಾಗದಲ್ಲಿ ಕಂದಿಯ ಮರಿ ಬಂದು ನಿಂತಿತು. ಅಷ್ಟು ಹೊತ್ತಿಗೆ ಅದು ಅವನೆತ್ತರಕ್ಕೆ ಬೆಳೆದಿತ್ತು.

ಅದಕ್ಕೇ ಮಗೂ, ಇವತ್ತಿಗೂ ಕುದುರೆ ಮಂಡಿಗೆ ಅಗುಳಿ ಹಾಕಿಕೊಂಡು, ಒಂದು ಹಿಂಗಾಲಿಗೆ ಬಿಡುವು ಕೊಟ್ಟು, ನಿಂತೇ ನಿದ್ದೆ ಮಾಡುತ್ತದೆ. ಎಲ್ಲಾದರೂ ಬಯಲಿನಲ್ಲಿ ಒಂದು ಕುದುರೆ ಮಲಗಿದ್ದು, ಅದರ ಪಕ್ಕದಲ್ಲಿ ಇನ್ನೊಂದು ಕದಲದೆ ನಿಂತಿರುವುದು ಕಂಡರೆ, ಅದು ಚಿತ್ತಯ್ಯನ ಸರದಿಯಲ್ಲಿ ನಿಂತಿದೆ ಎಂದು ತಿಳಿ.