ಸೇತುವೆ ಹತ್ತದ ಮೋಟಾರು

ಹರಿಹರದ ಹೊಳೆದಂಡೆಯಲ್ಲಿ ಒಂದು ಹಳೇ ಶೆಡ್ಡು. ಊರವರು ಅದನ್ನು ಗರಡಿ ಅಂತಲೇ ಕರೆಯುತ್ತಾರೆ. ಒಳಗೆ ಹೋಗಿ ನೋಡಿದರೆ ಕೆಮ್ಮಣ್ಣೂ ಇಲ್ಲ, ಕುಸ್ತಿಯೂ ಇಲ್ಲ. ಶೆಡ್ಡಿನ ಉದ್ದಗಲಕ್ಕೂ ಸುತ್ತಿ ಬಳಸಿ ಮಲಗಿದ ಒಂದು ಮರದ ರಸ್ತೆ ಇದೆ.

ಆ ರಸ್ತೆಯ ಮೈಯಲ್ಲಿ ಸಣ್ಣದೊಂದು ಸೀಳು ಕೊರೆದಿದ್ದಾರೆ. ಸೀಳಿನ ಎರಡೂ ಮಗ್ಗುಲಿಗೆ ತಾಮ್ರದ ಪಟ್ಟಿ. ಅಂಗೈಯಲ್ಲಿ ಹಿಡಿಸುವ ಕಾರುಗಳು ಹೊಟ್ಟೆಯಡಿಯ ಮೂಗನ್ನು ಆ ಸೀಳಿಗೆ ಇಳಿಸಿಕೊಂಡು, ಪಟ್ಟಿಯಿಂದ ಕರೆಂಟು ಕುಡಿದು ಓಡುತ್ತವೆ. ಓಡಿಸುವವರ ಕೈಯಲ್ಲಿ ಒಂದು ಗುಂಡಿ. ಹೆಚ್ಚು ಒತ್ತಿದರೆ ತಿರುವಿನಲ್ಲಿ ಕಾರು ಹಾರಿ ಬೀಳುತ್ತದೆ, ಕಮ್ಮಿ ಒತ್ತಿದರೆ ಪಕ್ಕದವರು ದಾಟಿ ಹೋಗುತ್ತಾರೆ.

ಸ್ಲಾಟ್ ಕಾರ್ ರೇಸು ಅಂದರೆ ಇಷ್ಟೇ. ಇಷ್ಟೇ ತಾನೇ ಅಂದುಕೊಂಡು ಬಂದವರು ಎಷ್ಟೋ ಮಂದಿ ವಾರದೊಳಗೆ ಗಂಟುಮೂಟೆ ಕಟ್ಟಿದ್ದಾರೆ, ಆ ಮಾತು ಬೇರೆ.

ಗರಡಿಯ ಗುರು ವೆಂಕೋಬ ಮೇಷ್ಟ್ರು. ವಯಸ್ಸಾಗಿತ್ತು. ಬೆರಳು ನಡುಗುತ್ತಿತ್ತು, ಕಣ್ಣು ಮಂಜಾಗಿತ್ತು. ಕಿವಿ ಮಾತ್ರ ಚುರುಕು.

ಶಿಷ್ಯೆ ಸರ್ವಮಂಗಳಾ, ಎಲ್ಲರ ಬಾಯಲ್ಲಿ ಮಂಗಳಾ. ಅಪ್ಪನ ಅಂಗಡಿಯಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತಿ ಬೆಳೆದವಳು. ಕೊಡದಷ್ಟು ದಪ್ಪದ ಮೋಟಾರಿನಿಂದ ಹೆಬ್ಬೆರಳ ಗಾತ್ರದ ಮೋಟಾರಿಗೆ ಇಳಿಯುವಷ್ಟರಲ್ಲಿ ಅವಳ ಅರ್ಧ ಹಮ್ಮು ಕರಗಿತ್ತು. ಉಳಿದರ್ಧ ಇನ್ನೂ ಇತ್ತು. ಈ ಕಥೆ ಆ ಉಳಿದರ್ಧದ್ದು.

ಶೆಡ್ಡಿನ ಗೋಡೆಯಲ್ಲಿ ಒಂದು ಗೂಡು. ಅದರಲ್ಲಿ ಹಿರಿಯರ ಮೋಟಾರುಗಳು. ಇಂಥ ಮೋಟಾರು ಯಾವ ಅಂಗಡಿಯಲ್ಲೂ ಸಿಗದ ಕಾಲದಲ್ಲಿ ಕೈಯಾರೆ ಮಾಡಿದಂಥವು. ಒಂದಕ್ಕೆ ಕೆಟ್ಟ ರೇಡಿಯೋದಿಂದ ಬಿಚ್ಚಿದ ತಂತಿ, ಇನ್ನೊಂದಕ್ಕೆ ಹರಿದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ, ಮತ್ತೊಂದಕ್ಕೆ ಬಿಸ್ಕತ್ತು ಡಬ್ಬಿಯ ತಗಡಿನ ಮೈ. ಎಲ್ಲಕ್ಕೂ ಮೊದಲನೆಯದು ಫಕೀರಸಾಬರದ್ದು. ಈ ಮರದ ರಸ್ತೆ ಕೊರೆದವರೂ ಅವರೇ, ಈ ಸೀಮೆಯಲ್ಲಿ ಮೊದಲ ಕಾರು ಓಡಿಸಿದವರೂ ಅವರೇ.

ವರ್ಷಕ್ಕೊಮ್ಮೆ ಗರಡಿಯಲ್ಲಿ ಹಿರಿಯರ ದಿನ. ಸುತ್ತಮುತ್ತಲ ಊರಿನ ಆಟಗಾರರೆಲ್ಲ ಬರುತ್ತಾರೆ. ಅವತ್ತು ರೇಸಿಗೆ ಮುಂಚೆ ಫಕೀರಸಾಬರ ಮೋಟಾರನ್ನು ಅವರದೇ ಕಾರಿಗೆ ಕೂರಿಸಿ ಒಂದು ಸುತ್ತು ಓಡಿಸಬೇಕು. ಸುತ್ತು ಮುಗಿದ ಕೂಡಲೇ ಗುರು ಗಟ್ಟಿಯಾಗಿ, ಆ ಮೋಟಾರಿಗೆ ತಂತಿ ಸುತ್ತಿದವರು ಯಾರೆಂದು, 'ಸುತ್ತಿದವರು ಫಕೀರಸಾಬ್' ಅಂತ ಹೆಸರು ಕೂಗಬೇಕು. ಆಮೇಲೆ ಉಳಿದದ್ದೆಲ್ಲ.

ಒಂದೇ ಒಂದು ತೊಡಕು. ರಸ್ತೆಯ ನಡುವೆ ಒಂದು ಕಮಾನು ಸೇತುವೆ. ಫಕೀರಸಾಬರ ಮೋಟಾರು ಆ ಏರು ಹತ್ತುತ್ತಿರಲಿಲ್ಲ. ಅರ್ಧಕ್ಕೆ ಹೋಗಿ ಗುರ್ ಅಂತ ನಿಂತುಬಿಡುತ್ತಿತ್ತು. ಮೊಟ್ಟಮೊದಲ ದಿನವೂ ಹಾಗೇ ನಿಂತಿತಂತೆ. ಅಲ್ಲೇ ನೋಡುತ್ತಿದ್ದ ಅವರ ಮಗಳು ಜೈತುನ್‌ಬಿ ಒಂದು ಬೆರಳಲ್ಲಿ ಹಿಂದಿನಿಂದ ತಳ್ಳಿದಳಂತೆ, ಕಾರು ದಾಟಿತಂತೆ. ಅವತ್ತಿನಿಂದ ಪ್ರತಿ ವರ್ಷ ಜೈತುನ್‌ಬಿ ಸೇತುವೆಯ ಪಕ್ಕ ಬಂದು ನಿಲ್ಲುತ್ತಾಳೆ, ತಳ್ಳುತ್ತಾಳೆ. ಈಗ ಆಕೆ ಮೊಮ್ಮಕ್ಕಳನ್ನು ಕಂಡ ಮುದುಕಿ.

ಹೋದ ವರ್ಷ ಮೈಸೂರಿನ ಕ್ಲಬ್ಬಿನವರು ಬಂದಿದ್ದರು. ಹೊಸ ಕಾರು, ಹೊಸ ಬೂಟು, ಕೈಯಲ್ಲಿ ಕ್ಯಾಮೆರಾ. ಜೈತುನ್‌ಬಿ ತಳ್ಳಿದ್ದು ನೋಡಿ ಅವರಲ್ಲೊಬ್ಬ, ಇದೇನು ರೇಸ್ ಕಾರೋ ತಳ್ಳುಗಾಡಿಯೋ ಅಂದ. ಅವನ ಗೆಳೆಯರು ಕಿಸಕ್ಕನೆ ನಕ್ಕರು.

ಮೇಷ್ಟ್ರಿಗೆ ಅದು ಕೇಳಿಸಿತೋ ಇಲ್ಲವೋ. ಮಂಗಳಾಗೆ ಕೇಳಿಸಿತು. ವರ್ಷವಿಡೀ ಅವಳು ಅದನ್ನು ಮರೆಯಲಿಲ್ಲ. ನಮ್ಮ ಹಿರಿಯರು ಯಾರಿಗೆ ಕಮ್ಮಿ ಅಂತ ಒಬ್ಬಳೇ ಗೊಣಗಿದಳು.

ಈ ವರ್ಷ ಹಿರಿಯರ ದಿನ ಹತ್ತಿರ ಬಂದಾಗ ಮೇಷ್ಟ್ರು ಅವಳನ್ನು ಕರೆದು, ನನ್ನ ಬೆರಳು ಇನ್ನು ಮಾತು ಕೇಳಲ್ಲ, ಈ ಸಲ ಗುಂಡಿ ನೀನು ಒತ್ತು ಅಂದರು.

ಮಂಗಳಾ ಬಗ್ಗಿ ಮೇಷ್ಟ್ರ ಕಾಲು ಮುಟ್ಟಿದಳು. ಆ ದಿನ ಗುಂಡಿ ಒತ್ತುವುದು ಅಂದರೆ ಸುಮ್ಮನೆ ಅಲ್ಲ. ಫಕೀರಸಾಬರ ಕೈಯಿಂದ ಅದು ವೆಂಕೋಬ ಮೇಷ್ಟ್ರಿಗೆ ಬಂದಿತ್ತು. ಅದು ಯಾರ ಕೈಗೆ ಹೋಗುತ್ತದೋ ಗರಡಿಯೂ ಮುಂದೆ ಅವರ ಕೈಗೆ. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಖುಷಿಯಲ್ಲಿದ್ದವಳು ಧೈರ್ಯ ಮಾಡಿ ಕೇಳಿಯೇ ಬಿಟ್ಟಳು.

"ಮೇಷ್ಟ್ರೇ, ಫಕೀರಸಾಬರ ಮೋಟಾರು ರಿಪೇರಿ ಮಾಡಲಾ?"

"ಯಾಕೆ, ಕೆಟ್ಟಿದೆಯಾ?"

"ಸೇತುವೆ ಹತ್ತಲ್ವಲ್ಲ."

"ಹೌದು, ಹತ್ತಲ್ಲ," ಅಂದರು ಮೇಷ್ಟ್ರು. ಅಷ್ಟೇ. ಬಟ್ಟೆ ತಗೊಂಡು ತಾಮ್ರದ ಪಟ್ಟಿ ಒರೆಸುತ್ತಾ ಕೂತರು.

ಮಾಡು ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ನಮಗೆ ಬೇಕಾದ ಅರ್ಥವನ್ನು ನಾವು ಹುಡುಕಿಕೊಳ್ಳೋದೇ ಇಂಥ ಹೊತ್ತಿನಲ್ಲಿ. ಮಂಗಳಾ ಹುಡುಕಿಕೊಂಡಳು.

ಹಳೇ ಮೋಟಾರನ್ನು ಬಿಚ್ಚಲು ಅವಳಿಗೆ ಮನಸ್ಸು ಬರಲಿಲ್ಲ. ಅದರ ಬದಲು ಅದೇ ಅಳತೆಯ ತಗಡು ಬಡಿದು, ಹಳೇದರಂತೆ ಮಸಿ ಹಿಡಿಸಿ, ಹೊಸದೊಂದು ಮೋಟಾರು ಮಾಡಿದಳು. ತಂತಿಯನ್ನು ಕೂದಲು ಹೆಣೆದಷ್ಟು ಒತ್ತಾಗಿ ಸುತ್ತಿದಳು. ಬಲವಾದ ಅಯಸ್ಕಾಂತ ಕೂರಿಸಿದಳು. ನಿಜ ಹೇಳಬೇಕೆಂದರೆ ಅಂಥ ಮೋಟಾರು ಆ ಗೂಡಿನಲ್ಲಿ ಒಂದೂ ಇರಲಿಲ್ಲ.

ಹಿರಿಯರ ದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದಳು. ಫಕೀರಸಾಬರ ಕಾರಿನೊಳಗೆ ತನ್ನ ಮೋಟಾರು ಕೂರಿಸಿದಳು. ಅವರದನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಳು. ಕದ್ದಂತೆ ಅನ್ನಿಸಿತು. ಇದು ಅವರ ಮರ್ಯಾದೆ ಉಳಿಸಲಿಕ್ಕೆ ತಾನೇ ಅಂತ ತನಗೆ ತಾನೇ ಹೇಳಿಕೊಂಡಳು.

ಬಿಸಿಲು ಏರುವಷ್ಟರಲ್ಲಿ ಶೆಡ್ಡು ತುಂಬಿತು. ಮೈಸೂರಿನವರು ಕ್ಯಾಮೆರಾ ಹಿಡಿದು ಮುಂದೆಯೇ ನಿಂತರು. ಜೈತುನ್‌ಬಿ ಇಸ್ತ್ರಿ ಮಾಡಿದ ಸೀರೆಯುಟ್ಟು, ಮೊಮ್ಮಗಳ ಭುಜ ಹಿಡಿದು ಬಂದು ಸೇತುವೆಯ ಪಕ್ಕದ ತನ್ನ ಜಾಗದಲ್ಲಿ ನಿಂತಳು.

ಮೇಷ್ಟ್ರು ಗುಂಡಿಯನ್ನು ಮಂಗಳಾ ಕೈಗೆ ಕೊಟ್ಟರು.

ಅವಳು ಒತ್ತಿದಳು.

ಕಾರು ಬಾಣದಂತೆ ಹೊರಟಿತು. ಮೊದಲ ತಿರುವು ಜಾರಿಕೊಂಡು ದಾಟಿತು. ಸೇತುವೆ ಬಂತು. ಜೈತುನ್‌ಬಿ ಬಗ್ಗಿ ಬೆರಳು ಚಾಚಿದಳು. ಕಾರು ನಿಲ್ಲಲಿಲ್ಲ. ಒಂದೇ ಉಸಿರಿಗೆ ಏರು ಹತ್ತಿ, ಇಳಿದು, ಸುತ್ತು ಮುಗಿಸಿ ಬಂದು ನಿಂತಿತು.

ಶೆಡ್ಡು ಶಿಳ್ಳೆ, ಚಪ್ಪಾಳೆಯಿಂದ ತುಂಬಿಹೋಯಿತು. ಮೈಸೂರಿನವರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಮಂಗಳಾಗೆ ಎದೆಯುಬ್ಬಿತು. ಈಗ ಹೇಳಿ ನೋಡೋಣ ತಳ್ಳುಗಾಡಿ ಅಂತ!

ಆಗ ಅವಳ ಕಣ್ಣು ಸೇತುವೆಯ ಕಡೆ ಹೋಯಿತು.

ಜೈತುನ್‌ಬಿ ಇನ್ನೂ ಬಗ್ಗಿಯೇ ಇದ್ದಳು. ಚಾಚಿದ ಬೆರಳು ಹಾಗೇ ಇತ್ತು. ಮೊಮ್ಮಗಳು ಮೆಲ್ಲಗೆ ಭುಜ ಮುಟ್ಟಿದಾಗ ನೆಟ್ಟಗಾಗಿ, ಸುತ್ತ ನೋಡಿ, ಎಲ್ಲರೂ ನಗುತ್ತಿದ್ದಾರಲ್ಲ ಅಂತ ತಾನೂ ನಗಲು ನೋಡಿದಳು.

"ಈ ಸಲ ನನ್ನ ಬೆರಳು ಬ್ಯಾಡಾತೇನು ಅಪ್ಪನ ಕಾರಿಗೆ?" ಅಂದಳು. ಕೋಪದಿಂದ ಅಲ್ಲ. ಯಾರನ್ನು ಕೇಳಬೇಕೋ ಗೊತ್ತಾಗದವರ ಹಾಗೆ.

ಮಂಗಳಾಳ ಉಬ್ಬಿದ ಎದೆ ಠುಸ್ಸೆಂದಿತು.

ಇನ್ನೀಗ ಹೆಸರು ಕೂಗಬೇಕು. ಜನ ಸುಮ್ಮನಾದರು. ಮೇಷ್ಟ್ರು ಎದ್ದು ನಿಂತರು. ಬಾಯಿ ತೆರೆದು, "ಸುತ್ತಿದವರು..." ಅಂದವರು ಅಲ್ಲಿಗೇ ನಿಲ್ಲಿಸಿದರು.

ಮುದುಕರಿಗೆ ಹೆಸರು ಮರೆತುಹೋಯಿತೇನೋ ಅಂತ ಕೆಲವರು ಮುಖ ಮುಖ ನೋಡಿಕೊಂಡರು.

ಮೇಷ್ಟ್ರಿಗೆ ಮರೆತಿರಲಿಲ್ಲ. ಆ ಹಳೇ ಮೋಟಾರಿನ ಸದ್ದು ಅವರಿಗೆ ಹೆಂಡತಿಯ ಕೆಮ್ಮಿನಷ್ಟು ಗುರುತು. ಅವರು ಶಿಷ್ಯೆಯ ಕಡೆ ತಿರುಗಿದರು.

"ನೀನೇ ಹೇಳವ್ವಾ. ಯಾರು ಸುತ್ತಿದ್ದು?"

ದನಿಯಲ್ಲಿ ಸಿಟ್ಟಿರಲಿಲ್ಲ. ಫಕೀರಸಾಬ್ ಅಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಗರಡಿಯ ಮಾನ ಉಳಿಯುತ್ತಿತ್ತು, ಗುಂಡಿ ಅವಳ ಕೈಯಲ್ಲೇ ಇರುತ್ತಿತ್ತು, ಮೈಸೂರಿನವರು ತಲೆ ತಗ್ಗಿಸಿ ಹೋಗುತ್ತಿದ್ದರು. ನಿಜ ಹೇಳಿದರೆ ಎಲ್ಲವೂ ಕೈಬಿಟ್ಟಂತೆ. ಸೇತುವೆಯ ಕಡೆ ಇನ್ನೊಮ್ಮೆ ನೋಡುವ ಧೈರ್ಯ ಅವಳಿಗಿರಲಿಲ್ಲ.

"ನಾನು," ಅಂದಳು.

ಹಿಂದೆ ನಿಂತವರಿಗೆ ಕೇಳಿಸಲಿಲ್ಲ. ಏನಂದಳು, ಏನಂದಳು ಅಂತ ಪಿಸುಪಿಸು ಎದ್ದಿತು.

"ನಾನು ಸುತ್ತಿದ್ದು. ಫಕೀರಸಾಬರದ್ದು ನನ್ನ ಜೇಬಲ್ಲಿದೆ."

ಕರ್ಚೀಫು ತೆಗೆದು ಮೇಷ್ಟ್ರ ಮುಂದೆ ಹಿಡಿದಳು. ಗುಂಡಿಯನ್ನೂ ಪಕ್ಕದಲ್ಲಿಟ್ಟಳು. ಇನ್ನು ಈ ಶೆಡ್ಡಿನ ಋಣ ತೀರಿತು ಅಂದುಕೊಂಡಳು. ಕಣ್ಣಲ್ಲಿ ನೀರು ತುಂಬಿತ್ತು, ಒರೆಸಿಕೊಳ್ಳಲಿಕ್ಕೂ ಕೈ ಬರಲಿಲ್ಲ.

ಮೇಷ್ಟ್ರು ಮೋಟಾರು ತಗೊಳ್ಳಲಿಲ್ಲ. ಗುಂಡಿಯನ್ನೂ ಮುಟ್ಟಲಿಲ್ಲ. ಜನರ ಕಡೆ ತಿರುಗಿ, ಆ ವಯಸ್ಸಿನಲ್ಲಿ ಅಷ್ಟು ದನಿ ಎಲ್ಲಿತ್ತೋ, ಶೆಡ್ಡಿನ ತಗಡು ನಡುಗುವಂತೆ ಕೂಗಿದರು.

"ಸುತ್ತಿದವರು ಸರ್ವಮಂಗಳಾ!"

ಜನಕ್ಕೆ ಏನು ಮಾಡಬೇಕೋ ತಿಳಿಯಲಿಲ್ಲ. ಮೊದಲು ಚಪ್ಪಾಳೆ ತಟ್ಟಿದವಳು ಜೈತುನ್‌ಬಿ. ಅವಳ ಹಿಂದೆ ಉಳಿದವರು.

ಚಪ್ಪಾಳೆ ನಿಂತ ಮೇಲೆ ಮೇಷ್ಟ್ರು ತಮ್ಮ ಎಂದಿನ ಸಣ್ಣ ದನಿಗೆ ಬಂದರು.

"ಚೆಂದ ಸುತ್ತಿದ್ದೀಯ. ಮಧ್ಯಾಹ್ನದ ರೇಸಿಗೆ ಅದನ್ನ ಹಾಕು. ಈಗ ಫಕೀರಸಾಬರದ್ದು ಓಡಿಸು, ಹೊತ್ತಾಯ್ತು."

ಮಂಗಳಾ ಅಲ್ಲೇ ಎಲ್ಲರೆದುರು ಕೂತು ಕಾರು ಬಿಚ್ಚಿದಳು. ಸ್ಕ್ರೂ ಎರಡು ಸಲ ಕೈಜಾರಿ ಕೆಳಗೆ ಬಿತ್ತು. ಹೋದ ವರ್ಷ ನಕ್ಕಿದ್ದ ಮೈಸೂರಿನ ಹುಡುಗ ಬಗ್ಗಿ ಹೆಕ್ಕಿಕೊಟ್ಟ. ಹಾಗೇ ಅವಳ ಅಂಗೈಯಲ್ಲಿದ್ದ ಹಳೇ ಮೋಟಾರನ್ನು ನೋಡಿದ. ತಂತಿ ಒಂದೆಡೆ ಒತ್ತಾಗಿ, ಒಂದೆಡೆ ಸಡಿಲವಾಗಿ ಸುತ್ತಿತ್ತು. ನಡುವೆ ತುಂಡಾದಲ್ಲಿ ಗಂಟು ಹಾಕಿ ಬೆಸೆದಿದ್ದರು. ಅದು ಅಲುಗದಂತೆ ಬಿಗಿದದ್ದು ಕೆಂಪು ಹೊಲಿಗೆ ದಾರದಲ್ಲಿ.

ಈ ದಾರ ಎಲ್ಲಿಯದು ಅಂತ ಅವನು ಕೇಳಿದ. ನಮ್ಮಮ್ಮನ ಹೊಲಿಗೆ ಮಷೀನಿಂದು, ಕೇಳದೆ ತಗೊಂಡಿದ್ದಕ್ಕೆ ಅಪ್ಪನಿಗೆ ಅವತ್ತು ಊಟಾನೇ ಹಾಕಿರಲಿಲ್ಲ ಅಂತ ಜೈತುನ್‌ಬಿ ಅಲ್ಲಿಂದಲೇ ಹೇಳಿದಳು. ಜನ ಗೊಳ್ಳೆಂದು ನಕ್ಕರು. ಆ ಹುಡುಗನೂ ನಕ್ಕ. ಆಮೇಲೆ ಬಹಳ ಹೊತ್ತು ಆ ಗಂಟನ್ನೇ ನೋಡುತ್ತಾ ನಿಂತ.

ಮಂಗಳಾ ಗುಂಡಿ ಒತ್ತಿದಳು.

ಕಾರು ಗೊಣಗುತ್ತಾ ಹೊರಟಿತು. ಸುಟ್ಟ ಎಣ್ಣೆಯ ವಾಸನೆ ಶೆಡ್ಡಿಗೆಲ್ಲ ಹರಡಿತು. ತಿರುವಿನಲ್ಲಿ ಅವಳು ಬೆರಳು ಸಡಿಲಿಸಬೇಕಾಗಲೇ ಇಲ್ಲ, ಅಷ್ಟು ನಿಧಾನ. ಸೇತುವೆಯ ಏರಿನಲ್ಲಿ ಅರ್ಧಕ್ಕೆ ಹೋಗಿ ಗುರ್ ಅಂತ ನಿಂತಿತು.

ಜೈತುನ್‌ಬಿ ಬಗ್ಗಿದಳು. ಒಂದೇ ಬೆರಳು.

ಕಾರು ನೆತ್ತಿ ಮುಟ್ಟಿತು, ಒಂದು ಗಳಿಗೆ ತಡೆದಂತೆ ಮಾಡಿ ಆ ಕಡೆಗೆ ಇಳಿಯಿತು. ಆಗ ಎದ್ದ ಕೂಗಿದೆಯಲ್ಲ, ಅದು ಹೊಳೆಯಾಚೆಯ ಗದ್ದೆಯಲ್ಲಿದ್ದವರಿಗೂ ಕೇಳಿಸಿರಬೇಕು. ಮಂಗಳಾಗೆ ಅಳುವೂ ನಗುವೂ ಒಟ್ಟಿಗೇ ಬಂತು. ಇಂಥವರ ಗರಡಿಯವಳು ನಾನು ಅನ್ನೋ ಹೆಮ್ಮೆ ಅವಳ ಮೈತುಂಬ ಹರಿಯಿತು. ಮೊದಲ ಸುತ್ತಿಗೆ ಎದೆಯುಬ್ಬಿದ್ದು ಇದರ ಮುಂದೆ ಏನೂ ಅಲ್ಲ.

ಮೇಷ್ಟ್ರು ಸುಮ್ಮನೆ ಅವಳ ಬೆನ್ನು ತಟ್ಟಿ, ಕೂಗು ಅಂತ ಸನ್ನೆ ಮಾಡಿದರು. ಅದುವರೆಗೆ ಗುರುವಲ್ಲದೆ ಬೇರೆ ಯಾರೂ ಆ ಹೆಸರು ಕೂಗಿದ್ದಿಲ್ಲ.

"ಸುತ್ತಿದವರು ಫಕೀರಸಾಬ್!" ಅಂತ ಮಂಗಳಾ ಕೂಗಿದಳು.

ಮಧ್ಯಾಹ್ನದ ರೇಸಿನಲ್ಲಿ ಅವಳ ಮೋಟಾರು ಮೈಸೂರಿನವರನ್ನೆಲ್ಲ ಹಿಂದೆ ಹಾಕಿತು. ಅದನ್ನು ಹೇಳದಿದ್ದರೆ ಅವಳಿಗೆ ಮೋಸ ಮಾಡಿದಂತಾಗುತ್ತದೆ.

ಸಂಜೆ ಎಲ್ಲರೂ ಹೋದರು. ಮೇಷ್ಟ್ರು ಫಕೀರಸಾಬರ ಮೋಟಾರನ್ನು ಒರೆಸಿ ಗೂಡಿನಲ್ಲಿಟ್ಟರು. ಮಂಗಳಾ ಕಸ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿ ಕೇಳಿದಳು.

"ಮೇಷ್ಟ್ರೇ, ಅಷ್ಟು ಗಟ್ಟಿ ಕೆಲಸಗಾರರು ಅವರು. ಸೇತುವೆ ಹತ್ತೋ ಮೋಟಾರು ಮಾಡೋಕೆ ಅವರಿಗೆ ಬರ್ತಿರಲಿಲ್ವಾ?"

"ಯಾಕೆ ಬರಲ್ಲ? ಮರುವರ್ಷವೇ ಮಾಡಿದ್ರು. ನಿನ್ನದರ ಹಾಗೇ, ಯಾರ ಬೆರಳೂ ಬೇಡದೆ ಒಂದೇ ಉಸಿರಿಗೆ ಹತ್ತಿತು."

ಮಂಗಳಾ ಗೂಡಿನ ಹತ್ತಿರ ಬಂದು ಒಂದೊಂದೇ ಮೋಟಾರನ್ನು ನೋಡಿದಳು. ಇವುಗಳಲ್ಲಿ ಅದು ಯಾವುದು ಅಂತ ಕೇಳಿದಳು.

"ಇದರಲ್ಲಿಲ್ಲ ಕಣವ್ವಾ," ಅಂದರು ಮೇಷ್ಟ್ರು. "ಅದನ್ನ ಯಾರೂ ಎತ್ತಿಡಲಿಲ್ಲ."