ಹತ್ತು ಕೈ, ಸಾವಿರ ಗೆರೆ

ಹೊಳೆಯಂಚಿನ ಒಂದು ಕಾಡಿನಲ್ಲಿ ಹಳೆಯ ಪದ್ಧತಿಯೊಂದಿತ್ತು. ಯಾವ ಹೊರೆಯನ್ನೂ ಒಬ್ಬರೇ ಕೊನೆ ಮುಟ್ಟಿಸುತ್ತಿರಲಿಲ್ಲ. ಮಂಗ ಮುಳ್ಳುಹಂದಿಗೆ ಕೊಡುವುದು, ಅದು ಇನ್ನೊಬ್ಬರಿಗೆ. ಮುಂದೆ ಯಾರಿಗೆ ಕೊಡಬೇಕೆಂಬುದು, ಹಿಂದೆ ಯಾರ ಕೈಯಿಂದ ಬಂತು ಎಂಬುದರ ಮೇಲೆ ನಿಂತಿತ್ತು. ಹೊರೆ ಹೊರುವವರಲ್ಲಿ ಹೊಳೆಯಾಚೆಯ ತೋಳವೂ ಒಂದು.

ಮಳೆಗಾಲ ಬಂತು. ಹೊಳೆ ಏರತೊಡಗಿತು. ತಾಯಿ ಮೊಲ ತನ್ನ ನಾಲ್ಕು ಮರಿಗಳನ್ನು ಗುಡ್ಡಕ್ಕೆ ಕಳಿಸಬೇಕಿತ್ತು. ಅಲ್ಲಿಗೆ ಹತ್ತು ಕೈ ಬದಲಾಗಬೇಕು. ನಡುವೆ ಎಲ್ಲಾದರೂ ಮರಿಗಳು ತೋಳದ ಕೈಗೆ ಸಿಕ್ಕರೆ?

ನರಿ ಬಂದು ಹೇಳಿತು: "ಯಾವ ದಾರಿ ತೋಳದ ಕೈ ಸೇರುತ್ತದೆಂದು ಮರಿಗಳು ಹೊರಡುವ ಮೊದಲೇ, ಕೂತಲ್ಲೇ ನೋಡಿ ಹೇಳುತ್ತೇನೆ ಅಕ್ಕ. ಒಂದು ದಾರಿಯನ್ನೂ ಬಿಡುವುದಿಲ್ಲ. ದಿನಕ್ಕೊಂದು ಬುಟ್ಟಿ ನೇರಳೆಹಣ್ಣು ತಂದಿಡು, ಸಾಕು."

ನರಿ ಮರಳಿನಲ್ಲಿ ಗೆರೆ ಎಳೆಯಿತು. ಪ್ರತಿ ಕೈಯಲ್ಲೂ ದಾರಿ ಎರಡಾಗಿ ಒಡೆಯುತ್ತಿತ್ತು. ಎರಡು ನಾಲ್ಕಾಯಿತು, ನಾಲ್ಕು ಎಂಟಾಯಿತು. ಹತ್ತನೆಯ ಕೈಗೆ ಸಾವಿರ ದಾಟುತ್ತದೆಂದು ನರಿಗೆ ಮೊದಲೇ ಗೊತ್ತಿತ್ತು. ಅಲ್ಲಿಯವರೆಗೂ ಹಣ್ಣು ಬರುತ್ತದಲ್ಲ!

"ಮುಗಿಯಿತೇನಪ್ಪಾ?"

"ಶಾಸ್ತ್ರಕ್ಕೆ ಅವಸರ ಆಗದು ಅಕ್ಕ."

ನಗಬೇಡಿ ಮಕ್ಕಳೇ. ಕಥೆ ಹೇಳುವ ನಾನೂ ರಾಹುಕಾಲ ಕಳೆಯಲಿ, ಗುಳಿಕಕಾಲ ಕಳೆಯಲಿ ಎಂದು ಕೂತು ಬಸ್ಸು ತಪ್ಪಿಸಿಕೊಂಡವನೇ.

ನೀರು ಬಿಲದ ಬಾಯಿಗೆ ಬಂತು. ಮೊಲ ಅಳತೊಡಗಿತು. ಆಗ ಮುದಿ ಆಮೆ ಕೇಳಿತು: "ಯಾರಿಂದ ಬಂತು ಎಂಬ ಪುರಾಣ ಬಿಡವ್ವ. ತೋಳಕ್ಕೆ ಎಂದಾದರೂ ಹೊರೆ ಕೊಡುವವರು ಯಾರು?"

"ಮುಳ್ಳುಹಂದಿ. ಒಮ್ಮೊಮ್ಮೆ ಕಾಡುಬೆಕ್ಕು."

"ಹಾಗಾದರೆ ಅವರಿಬ್ಬರ ಕಡೆಗೆ ಹೋಗುವ ದಾರಿಯೇ ಬೇಡ."

ನರಿ ನಕ್ಕಿತು. "ಮುಳ್ಳುಹಂದಿ ಈ ಸಲ ಒಳ್ಳೆಯವರಿಗೇ ಕೊಡುತ್ತಿತ್ತೇನೋ! ಹತ್ತಿರದ ದಾರಿ ಸುಮ್ಮನೆ ಕಳೆದೆಯಲ್ಲ ದಡ್ಡಜ್ಜ!"

"ಕೊಡುತ್ತಿತ್ತೇನೋ. ಒಳ್ಳೆಯ ದಾರಿ ಬಿಟ್ಟರೆ ನಾಲ್ಕು ಹೆಜ್ಜೆ ಸುತ್ತು. ಕೆಟ್ಟದ್ದು ಹಿಡಿದರೆ ಮಕ್ಕಳೇ ಇಲ್ಲ."

ಮರಿಗಳು ಜಿಂಕೆ, ಕಡವೆಗಳ ಬೆನ್ನೇರಿ, ಸುತ್ತುದಾರಿಯಲ್ಲೇ ಸಂಜೆಯೊಳಗೆ ಗುಡ್ಡ ಸೇರಿದವು. ಮೊಲವೂ ಹಿಂದೆಯೇ ಓಡಿತು.

ನರಿ ಮಾತ್ರ ಉಳಿದ ನೇರಳೆ ಮುಗಿಸಲು ಕೂತಿತು. ಹೊಳೆ ನುಗ್ಗಿತು. ಗೆರೆಗಳನ್ನೆಲ್ಲ ಅಳಿಸಿ, ಬುಟ್ಟಿ ಸಮೇತ ನರಿಯನ್ನು ಕೊಚ್ಚಿಕೊಂಡು ಹೋಗಿ ತೋಳದ ದಡಕ್ಕೇ ಎಸೆಯಿತು. ಅರ್ಧ ಬಾಲವನ್ನು ತೋಳದ ಬಾಯಲ್ಲಿ ಬಿಟ್ಟು, ನರಿ ಹೇಗೋ ಈಚೆ ದಡ ಸೇರಿ, ಏದುಸಿರು ಬಿಡುತ್ತಾ ಗುಡ್ಡ ಹತ್ತಿತು.

"ಯಾವ ದಾರಿಯಲ್ಲಿ ಬಂದೆ ತಮ್ಮಾ?" ಎಂದು ಮೊಲ ಕೇಳಿತು.

"ನಾನು ಗೆರೆ ಎಳೆಯದೇ ಬಿಟ್ಟಿದ್ದು ಅದೊಂದೇ ದಾರಿ ಅಕ್ಕ," ಎಂದಿತು ನರಿ.

ನೀತಿ: ಹೊರಡುವ ಮೊದಲು ಯೋಚಿಸಬೇಕು, ನಿಜ, ಆದರೆ ಎಲ್ಲವನ್ನೂ ತಿಳಿದೇ ಹೊರಡುತ್ತೇನೆ ಎನ್ನುವವನು ಹೊರಡುವುದೇ ಇಲ್ಲ. ಅಪಾಯ ಇರಬಹುದಾದ ಕಡೆ ಕಾಲಿಡದೆ ನಡೆಯಿರಿ, ಉಳಿದದ್ದನ್ನು ದೇವರಿಗೆ ಬಿಡಿ.