ತಿಪ್ಪವ್ವ ಬರೆದದ್ದು, ಭರಮ ಕೆತ್ತಿದ್ದು

ಕಲ್ಲುಕುಟಿಗರ ತಿಪ್ಪವ್ವ ಅಂತ ಒಬ್ಬಾಕೆ ಇದ್ದಳು, ಕೂತ್ಕೊಂಡು ಕೇಳಿ. ಅವಳಿಗೊಬ್ಬ ಮಗ, ಭರಮ. ಅವನು ಉಳಿ ಹಿಡಿದರೆ ಕಲ್ಲು ಬೆಣ್ಣೆಯಾಗುತ್ತಿತ್ತು, ತಲೆ ಮಾತ್ರ ಕಲ್ಲಾಗಿಯೇ ಉಳಿದಿತ್ತು. ತಾಯಿ ಸೀಮೆಸುಣ್ಣದಲ್ಲಿ ಕಲ್ಲಿನ ಮೇಲೆ ಅಕ್ಷರ ಬರೆಯುವಳು, ಮಗ ಅದರ ಮೇಲೇ ಕೆತ್ತುವನು. ಸೀಮೆಸುಣ್ಣ ತಪ್ಪಿದರೆ ಒರೆಸಬಹುದು. ಉಳಿ ತಪ್ಪಿದರೆ ಮುಗಿಯಿತು.

ಒಂದು ಸಲ ಮದುವೆ ಮನೆಯ ಒರಳುಕಲ್ಲಿಗೆ ಹೆಸರು ಬರೆದು, "ಕಲ್ಲ ಮೇಲಿರೋದನ್ನ ಕೆತ್ತಪ್ಪ" ಅಂತ ಹೇಳಿ ತಿಪ್ಪವ್ವ ನೀರಿಗೆ ಹೋದಳು. ಸುಣ್ಣದ ಗಡಿಗೆಯಲ್ಲಿ ಕಾಲಿಟ್ಟ ಕೋಳಿಯೊಂದು ಬಂದು ಕಲ್ಲಿನ ಮೇಲೆ ಓಡಾಡಿತು. ಭರಮ ಹೆಸರನ್ನೂ ಕೆತ್ತಿದ, ಕೋಳಿ ಹೆಜ್ಜೆಯನ್ನೂ ಕೆತ್ತಿದ. ನಿಜ ಹೇಳಬೇಕಂದರೆ ಹೆಸರಿಗಿಂತ ಹೆಜ್ಜೆಯೇ ಚೆನ್ನಾಗಿ ಬಂದಿತ್ತು.

"ಅಯ್ಯೋ ನನ್ನ ಕರ್ಮ, ಕೆತ್ತೋ ಮುಂಚೆ ಒಂದ್ಸಲ ನೋಡಬಾರದೇನೋ?"

"ಇನ್ಮೇಲೆ ನೋಡ್ತೀನವ್ವ."

ಆಮೇಲೆ ಗರಡಿಮನೆಯ ಗುಂಡುಕಲ್ಲು ಬಂತು. ತಾಯಿ ಬರೆದು ಹೋದಳು, ಕೋಳಿ ಬಂತು, ಭರಮ ಕೆತ್ತಿದ. ಪೈಲವಾನರು ಎತ್ತುವ ಕಲ್ಲಿನ ತುಂಬಾ ಕೋಳಿ ಹೆಜ್ಜೆ.

"ನೋಡು ಅಂದಿದ್ನಲ್ಲೋ?"

"ನೋಡಿದೆನವ್ವ. ಕೋಳಿ ಬಂದದ್ದನ್ನೂ ನೋಡಿದೆ, ಹೋದದ್ದನ್ನೂ ನೋಡಿದೆ."

ತಿಪ್ಪವ್ವ ಹಣೆ ಚಚ್ಚಿಕೊಂಡಳು. "ನೋಡಿದರೆ ಸಾಲದು ಕಣೋ. ನಾನು ಬರೀದೆ ಇರೋದು ಕಂಡರೆ ಒರೆಸಿಬಿಡು."

"ಒರೆಸ್ತೀನವ್ವ."

ಮುಂದಿನದು ಓಬಳಪ್ಪನ ಹೊಸ ಮನೆಯ ಬಾಗಿಲ ಕಲ್ಲು. ಓಬಳಪ್ಪ ತಾನೇ ಬಂದು, ತಿಪ್ಪವ್ವ ಬರೆದಿದ್ದ ತನ್ನ ಹೆಸರಿನ ಪಕ್ಕ ಹೆಂಡತಿಯ ಹೆಸರನ್ನೂ ಆಸೆಯಿಂದ ಬರೆದುಹೋದ. ಭರಮ ನೋಡಿದ, ಅವ್ವನ ಕೈಬರಹವಲ್ಲ, ಒರೆಸಿದ. ಓಬಳಪ್ಪನ ಹೆಂಡತಿ ಹೊಸ ಮನೆಗೆ ಕಾಲಿಡಲಿಲ್ಲ.

"ಒರೆಸಬೇಡ, ಕೆತ್ತಲೂ ಬೇಡ," ಅಂದಳು ತಿಪ್ಪವ್ವ, ಅಳುದನಿಯಲ್ಲಿ. "ಬೇರೆ ಕೈ ಕಂಡರೆ ನನಗೆ ತೋರಿಸು. ನನ್ನ ಕೈ ಆದರೆ ಸುಮ್ಮನೆ ಕೆತ್ತು."

ಕೊನೆಗೆ ಬಂದದ್ದು ಬಾವಿಕಟ್ಟೆಯ ಕಲ್ಲು. ಆ ಬಾವಿಯ ಬೀದಿಗೆ ಮೊದಲು ನೀರಿರಲಿಲ್ಲ. ಸೂಲಗಿತ್ತಿ ಸಂಕವ್ವ ತನಗಿದ್ದ ಒಂದೇ ತುಂಡು ಹಿತ್ತಲನ್ನು ಬಾವಿಗೆ ಬಿಟ್ಟುಕೊಟ್ಟಿದ್ದಳು. ಅವಳ ಕಣ್ಣು ಮುಚ್ಚುವ ಮುಂಚೆ ಒಂದು ಕಲ್ಲು ನಿಲ್ಲಿಸಬೇಕು ಅಂತ ಬೀದಿಯವರ ಆಸೆ. ಊರ ಯಜಮಾನ ಹೇಳಿದ್ದ: "ತಿಪ್ಪವ್ವ, ಇದೂ ಕೆಟ್ಟರೆ ಮುಂದೆ ಬೇರೆ ಊರಿನವರ ಕೈಲಿ ಕೆಲಸ ಮಾಡಿಸ್ತೀವಿ." ಅಂದರೆ ಇಬ್ಬರ ಅನ್ನ ಹೋದಂತೆಯೇ.

ತಿಪ್ಪವ್ವ ಬರೆದಳು: "ಈ ನೀರು ಸಂಕವ್ವ ಕೊಟ್ಟದ್ದು. ಬೀದಿಯೆಲ್ಲ ಅವಳಿಗೆ ಋಣಿ." ಕೋಳಿಯನ್ನು ಬುಟ್ಟಿ ಕೆಳಗೆ ಮುಚ್ಚಿದಳು. ಭರಮ ಉಳಿ ಹದ ಮಾಡಿಸಲು ಕುಲುಮೆಗೆ ಹೋಗಿದ್ದ. ಅವನು ಹಸಿದು ಬರುತ್ತಾನೆ ಅಂತ ಅದೇ ಕಲ್ಲಿನ ಕೆಳತುದಿಯಲ್ಲಿ ಅವನಿಗೊಂದು ಸಾಲು ಬರೆದಿಟ್ಟು ಸಂಕವ್ವನನ್ನು ಕರೆತರಲು ಹೋದಳು.

ಭರಮ ಬಂದ. ನೋಡಿದ. ಎಲ್ಲಾ ಅವ್ವನ ಕೈಯೇ. ಕೆತ್ತಿದ.

ಸಂಜೆ ಬೀದಿಯೇ ಸೇರಿತು. ಸಂಕವ್ವನಿಗೆ ಓದು ಬಾರದು, ಯಜಮಾನ ಗಟ್ಟಿಯಾಗಿ ಓದಿದ: "ಈ ನೀರು ಸಂಕವ್ವ ಕೊಟ್ಟದ್ದು. ಬೀದಿಯೆಲ್ಲ ಅವಳಿಗೆ ಋಣಿ. ಮಗಾ, ರೊಟ್ಟಿ ಗೂಡಿನಲ್ಲಿದೆ, ಮೊದಲು ಉಣ್ಣು."

ತಿಪ್ಪವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಯಜಮಾನ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಸಂಕವ್ವ ಕೈ ಅಡ್ಡ ಹಿಡಿದಳು. ಅವಳ ಕಣ್ಣು ತುಂಬಿತ್ತು.

"ಯಾರೂ ಇದನ್ನ ಮುಟ್ಟಕೂಡದು. ನಾನು ಈ ಕೈಯಿಂದ ಎತ್ತಿಕೊಂಡ ಕೂಸುಗಳೇ ಇವೆಲ್ಲ. ನನ್ನ ಬಾವಿಗೆ ಬಂದೋರಿಗೆ 'ಮಗಾ, ಉಣ್ಣು' ಅನ್ನೋ ಮಾತಿಗಿಂತ ಇನ್ನೇನು ಬೇಕು? ತಿಪ್ಪವ್ವ, ನಿನ್ನ ಉಪಕಾರ ಮರೆಯೋದಿಲ್ಲ."

ಯಜಮಾನ ತಲೆ ಕೆರೆದುಕೊಂಡು, "ಆಯ್ತು, ಮುಂದಿನ ಕಲ್ಲೂ ನಿಮಗೇ" ಅಂದ. ತಿಪ್ಪವ್ವ ಸಂಕವ್ವನ ಕಾಲಿಗೆ ಬಿದ್ದಳು. ಎದ್ದು ಮಗನ ತಲೆ ಸವರಿದಳು.

"ಹೋಗಲಿ ಬಿಡು ಮಗಾ. ರೊಟ್ಟಿ ಉಂಡೆಯಾ?"

"ಎಲ್ಲಿ ಉಣ್ಣಲಿ ಅವ್ವ? ನೀನು ಕೆತ್ತು ಅಂದಿದ್ದೆ, ಓದು ಅಂದಿರಲಿಲ್ಲವಲ್ಲ. ರೊಟ್ಟಿ ಗೂಡಿನಲ್ಲಿದೆ ಅಂತ ಗೊತ್ತಾಗಿದ್ದೇ ಈಗ, ಯಜಮಾನರು ಓದಿದ ಮೇಲೆ."